ಸ್ಟಾರ್ ಸಿಇಓ ಬಂದ್ರ ಕಂಪನಿಗೆ ಏನು ಸಿಗ್ತೈತಿ?

ಬೆಳಗಾವಿ ಉದ್ಯಮಬಾಗದ ಕಡೆ ಫೌಂಡ್ರಿ, ಮಷೀನ್ ಶಾಪ್ ನಡೆಸೋ ಮಂದಿ ಮತ್ತ ಎಂಬಿಎ ಓದೋ ಹುಡುಗ್ರ ಮುಂದ ಮಾಡಿದ ಉಪನ್ಯಾಸ ಇದು. ಬರಹದಾಗ ಬೇಕು ಅಂತ ಭಾಳ ಮಂದಿ ಕೇಳಿದ್ರು, ಅದಕ್ಕ ಟೈಪ್ ಮಾಡೀನಿ. ಮಾತಾಡಿದ್ದನ್ನ ಮಾತಾಡಿದಂಗ ಇಟ್ಟೀನಿ.

ಎಲ್ಲಾರಿಗೂ ನಮಸ್ಕಾರ. ಸೀದಾ ವಿಷಯಕ್ಕ ಬರ್ತೀನಿ. 1996ರ ಜುಲೈನ್ಯಾಗ ಅಮೆರಿಕಾದ ಸನ್‌ಬೀಮ್ ಅನ್ನೋ ಕಂಪನಿ ತನ್ನ ಹೊಸ ಸಿಇಓ, ಅಂದ್ರ ಕಂಪನಿ ನಡೆಸೋ ಮುಖ್ಯಸ್ಥ, ಯಾರು ಅಂತ ಹೇಳ್ತು. ಮಿಕ್ಸರ್, ಇಸ್ತ್ರಿ, ಅಂಗಳದಾಗ ಇಟ್ಟು ಅಡಗಿ ಸುಡೋ ಗ್ರಿಲ್ ಇಂಥವೆಲ್ಲಾ ಮಾಡೋ ಕಂಪನಿ, ವ್ಯಾಪಾರ ಸ್ವಲ್ಪ ಕುಂಟಾಕತ್ತಿತ್ತು. ಬರೋ ಮನಷ್ಯಾ ಅಲ್ ಡನ್‌ಲ್ಯಾಪ್. ಪೇಪರ್‌ನವರು ಅವಂಗ ಚೈನ್‌ಸಾ ಅಲ್, ಅಂದ್ರ ಗಿಡ ಕಡಿಯೋ ಗರಗಸದ ಅಲ್ ಅಂತ ಹೆಸರು ಇಟ್ಟಿದ್ರು, ಯಾಕಂದ್ರ ಎಲ್ಲಿ ಹೋದ್ರೂ ಮೊದಲ ನೌಕರರನ್ನ ಕತ್ತರಿಸ್ತಿದ್ದ. ಅವನ ಹೆಸರು ಹೊರಗ ಬಿದ್ದ ಒಂದ ದಿನದಾಗ ಶೇರು ಹತ್ತಿರ ಹತ್ತಿರ ಶೇಕಡಾ 50 ಏರ್ತು. ಅವ ಇನ್ನೂ ಬಂದು ಕುರ್ಚಿ ಮ್ಯಾಲೆ ಕುಂತಿರ್ಲಿಲ್ಲ, ಒಂದು ಮಿಕ್ಸರ್ ಹೆಚ್ಚಿಗಿ ಮಾರಿರ್ಲಿಲ್ಲ, ಒಬ್ಬ ಗಿರಾಕಿಗೂ ಫೋನ್ ಹಚ್ಚಿರ್ಲಿಲ್ಲ, ಬರೇ ಹೆಸರಿಗೆ ಇಷ್ಟು ರೊಕ್ಕ ಏರಿತು ನೋಡ್ರಿ.

ಮುಂದ ಏನಾತು ಅಂದ್ರ, ಕಂಪನಿಯೊಳಗ ಇದ್ದ ಸುಮಾರು 12,000 ಮಂದಿಯೊಳಗ ಅರ್ಧ ಮಂದಿನ್ನ ಕಡಿಮಿ ಮಾಡ್ತೀನಿ ಅಂತ ಘೋಷಣೆ ಮಾಡಿದ. 1997ರಾಗ ಲಾಭ ಜೋರ್ ಕಾಣ್ತು. ನಾ ಲೆಕ್ಕಪತ್ರದ ಮನಷ್ಯಾ, ಬ್ಯಾಂಕಿನ ಪರವಾಗಿ ಸ್ಟಾಕ್ ಆಡಿಟ್‌ಗೆ ಗೋಡೌನ್ ಗೋಡೌನ್ ಅಡ್ಡಾಡೋ ಮನಷ್ಯಾ, ಅದಕ್ಕ ಆ ಲಾಭ ಹೆಂಗ ಬಂತು ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಗ್ರಿಲ್ ಅಂದ್ರ ಬ್ಯಾಸಿಗಿ ಮಾಲು. ಚಳಿಗಾಲದಾಗ ಅದನ್ನ ಯಾರೂ ಕೊಳ್ಳೂದಿಲ್ಲ. ಆದ್ರ ಇವರು ದೊಡ್ಡ ಅಂಗಡಿಯವರಿಗೆ, ನೀವು ಈಗ ಆರ್ಡರ್ ಕೊಡ್ರಿ, ಡಿಸ್ಕೌಂಟ್ ಕೊಡ್ತೀವಿ, ರೊಕ್ಕ ಮುಂದ ಕೊಡ್ರಿ, ಮಾಲೂ ಮುಂದ ಒಯ್ರಿ ಅಂದ್ರು. ಬಿಲ್ ಹರದ್ರು, ಆ ವರ್ಷದ ಮಾರಾಟದಾಗ ಸೇರಿಸಿದ್ರು, ಮಾಲು ಮಾತ್ರ ಗೋಡೌನ್‌ನ್ಯಾಗ ಕುಂತಿತ್ತು, ಅದರ ಬಾಡಿಗಿನೂ ಸನ್‌ಬೀಮೇ ಕೊಡ್ತಿತ್ತು. ಬಿಲ್ ಅಂಡ್ ಹೋಲ್ಡ್ ಅಂತಾರ ಇದಕ್ಕ. ಮಾರ್ಚ್ ಬಂತಂದ್ರ ಟಾರ್ಗೆಟ್‌ಗಾಗಿ ಹಿಂಗ ಬಿಲ್ ಹರಿಯೋದು ಏನಂತ ಈ ಹಾಲ್‌ನ್ಯಾಗ ಕುಂತ ಎಷ್ಟೋ ಮಂದಿಗೆ ಗೊತ್ತೈತಿ. ಮುಂದಿನ ವರ್ಷ ಅಂಗಡಿಯವರ ಪಾಲಿನ ಮಾಲು ಮೊದಲ ತುಂಬಿ ಕುಂತಿರ್ತೈತಲ್ಲ, ಅವರು ಹೊಸ ಆರ್ಡರ್ ಯಾಕ ಕೊಡ್ತಾರ? 1998ರ ಜೂನ್‌ನ್ಯಾಗ ಬೋರ್ಡ್‌ನವರೇ ಡನ್‌ಲ್ಯಾಪ್‌ನ ತಗದು ಹಾಕಿದ್ರು. 2001ರಾಗ ಕಂಪನಿ ದಿವಾಳಿ ಅರ್ಜಿ ಹಾಕ್ತು. 2002ರಾಗ ಅಲ್ಲಿನ ಶೇರುಪೇಟೆ ನಿಯಂತ್ರಕರ ಜೊತಿ ರಾಜಿ ಮಾಡ್ಕೊಂಡು ಅವ 5 ಲಕ್ಷ ಡಾಲರ್ ದಂಡ ಕಟ್ಟಿದ, ಇನ್ನ ಮುಂದ ಯಾವ ಪಬ್ಲಿಕ್ ಕಂಪನಿಯೊಳಗೂ ಡೈರೆಕ್ಟರ್ ಆಗಂಗಿಲ್ಲ ಅಂತ ಆತು. ಕೆಲಸ ಕಳಕೊಂಡ ಸಾವಿರಾರು ಮಂದಿಗೆ ಇದರಿಂದ ಏನೂ ವಾಪಸ್ ಬರ್ಲಿಲ್ಲ.

ಒಬ್ಬ ಕೆಟ್ಟ ಮನಷ್ಯಾನ ಕತಿ ಹೇಳಿ ಎಲ್ಲಾರೂ ಹಿಂಗ ಅನ್ನೋದು ನ್ಯಾಯ ಅಲ್ಲ, ಅದು ನಂಗೂ ಗೊತ್ತೈತಿ. ಅದಕ್ಕ ದೊಡ್ಡ ಲೆಕ್ಕ ನೋಡೂಣು. ಉಲ್ರಿಕ್ ಮಾಲ್ಮೆಂಡಿಯರ್ ಮತ್ತ ಜೆಫ್ರಿ ಟೇಟ್ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು 2009ರಾಗ ಒಂದು ಅಧ್ಯಯನ ಪ್ರಕಟ ಮಾಡಿದ್ರು. ವರ್ಷದ ಬೆಸ್ಟ್ ಸಿಇಓ ಅಂತ ಪತ್ರಿಕೆಯವರು ಪ್ರಶಸ್ತಿ ಕೊಡ್ತಾರಲ್ಲ, ಹಂಗ ಗೆದ್ದವರನ್ನ ತಗೊಂಡ್ರು. ಅವರ ಬಾಜೂಕ, ಕಂಪನಿ ಸೈಜು, ಹಿಂದಿನ ಲಾಭ ಎಲ್ಲಾ ಅಷ್ಟ ಇದ್ದು ಪ್ರಶಸ್ತಿ ಮಾತ್ರ ಸಿಗದ ಸಿಇಓಗಳನ್ನ ಇಟ್ಟು ಹೋಲಿಸಿದ್ರು. ಪ್ರಶಸ್ತಿ ಬಂದ ಮ್ಯಾಲೆ ಗೆದ್ದವರ ಕಂಪನಿ ಹಿಂದ ಬಿತ್ತು, ತಮ್ಮ ಹಳೇ ದಿನಕ್ಕಿಂತಷ್ಟೇ ಅಲ್ಲ, ಪ್ರಶಸ್ತಿ ಸಿಗದವರಿಗಿಂತನೂ. ಅವರ ಪಗಾರ ಮಾತ್ರ ಏರ್ತು. ಪುಸ್ತಕ ಬರಿಯೋದು ಹೆಚ್ಚಾತು, ಬ್ಯಾರೆ ಕಂಪನಿ ಬೋರ್ಡ್‌ನ್ಯಾಗ ಕುಂಡ್ರೋದು ಹೆಚ್ಚಾತು, ಗಾಲ್ಫ್ ಆಟದಾಗೂ ಅವರು ಮುಂದ ಇದ್ರು ಅಂತ ಅದರಾಗ ಐತಿ. ಲಾಭದ ಅಂಕಿ ಸಂಖ್ಯೆ ತಿದ್ದಿ ಚಂದ ಮಾಡೋ ಚಾಳಿನೂ ಹೆಚ್ಚು ಕಂಡು ಬಂತು. ನನ್ನ ಮಟ್ಟಿಗೆ ಭಾಳ ಮುಖ್ಯ ಇದ್ದದ್ದು ಇನ್ನೊಂದು ಮಾತು. ಇದೆಲ್ಲಾ ಜೋರ್ ಆಗಿದ್ದು ಯಾವ ಕಂಪನಿಯೊಳಗ ಮಾಲಕರು, ಬೋರ್ಡು, ಶೇರುದಾರರು ಸಡಲ ಬಿಟ್ಟಿದ್ರೋ ಅಲ್ಲಿ. ಹಂಗಂದ್ರ ಹೆಸರು ಬಂದಿದ್ದಕ್ಕ ಅಷ್ಟ ಕೆಡ್ಲಿಲ್ಲ, ಹೆಸರು ಬಂದ ಮ್ಯಾಲೆ ಅವನ ಮುಂದ ಬ್ಯಾಡ್ರೀ ಸರ್ ಅಂತ ಹೇಳೋರು ಯಾರೂ ಉಳೀಲಿಲ್ಲ, ಅದಕ್ಕ ಕೆಟ್ತು. ಇವತ್ತು ನಾ ಹೇಳಬೇಕು ಅಂತ ಬಂದಿದ್ದು ಇದೊಂದ ಮಾತು.

ಜ್ಯಾಕ್ ವೆಲ್ಚ್ ಹೆಸರು ಎಂಬಿಎ ಹುಡುಗ್ರು ಎಲ್ಲಾರೂ ಕೇಳಿರ್ತೀರಿ. 1981ರಿಂದ 2001ರ ತನಕ ಜನರಲ್ ಎಲೆಕ್ಟ್ರಿಕ್ ಅಂದ್ರ ಜಿಇ ನಡೆಸಿದ. 1999ರಾಗ ಫಾರ್ಚೂನ್ ಪತ್ರಿಕೆ ಅವನನ್ನ ಶತಮಾನದ ಮ್ಯಾನೇಜರ್ ಅಂತ ಕರೀತು. ಬಂದಾಗ ಕಂಪನಿ ಮಾರ್ಕೆಟ್ ಬೆಲೆ ಸುಮಾರು 1,400 ಕೋಟಿ ಡಾಲರ್, ಬಿಟ್ಟಾಗ 40,000 ಕೋಟಿ ಡಾಲರ್ ಆಸುಪಾಸು. ಇದರಾಗ ಅವನ ಪಾಲು ಇಲ್ಲ ಅಂತ ನಾ ಹೇಳೂದಿಲ್ಲ, ಅವ ಕೆಲಸಗಾರ ಮನಷ್ಯಾ. ಆದ್ರ ಅದೇ 20 ವರ್ಷದಾಗ ಅಮೆರಿಕಾದ ದೊಡ್ಡ ಕಂಪನಿಗಳ ಶೇರು ಬೆಲೆ ಅಳಿಯೋ ಡೌ ಜೋನ್ಸ್ ಸೂಚ್ಯಂಕನೂ ಸಾವಿರದ ಒಳಗಿಂದ ಹತ್ತು ಸಾವಿರದ ಹತ್ತಿರಕ್ಕ ಹೋಗಿತ್ತು. ಮಳಿ ಚಲೋ ಆದ ವರ್ಷ ಎಲ್ಲಾರ ಹೊಲದಾಗೂ ಕಬ್ಬು ಎತ್ತರ ಬೆಳೀತೈತಿ, ಯಾರ ಬೇಸಾಯ ಎಷ್ಟು ಚಲೋ ಅನ್ನೋದು ಆ ವರ್ಷ ತಿಳಿಯೂದಿಲ್ಲ. ಎರಡನೇದು, ಆ ಲಾಭದ ದೊಡ್ಡ ಪಾಲು ಬಲ್ಬು, ಟರ್ಬೈನ್, ವಿಮಾನದ ಎಂಜಿನ್‌ನಿಂದ ಬಂದಿದ್ದಲ್ಲ, ಜಿಇ ಕ್ಯಾಪಿಟಲ್ ಅನ್ನೋ ಸಾಲದ ವ್ಯವಹಾರದಿಂದ ಬಂದಿದ್ದು. ಪ್ರತಿ ಮೂರು ತಿಂಗಳಿಗೆ ಹೇಳಿದಷ್ಟ ಲಾಭ ತೋರಿಸಬೇಕಂದ್ರ ಕಾರ್ಖಾನಿಯಿಂದ ಆಗೂದಿಲ್ಲರಿ, ಸಾಲದ ಪುಸ್ತಕದಿಂದ ಆಗ್ತೈತಿ, ಯಾವ ಆಸ್ತಿ ಯಾವಾಗ ಮಾರಬೇಕು ಅನ್ನೋದು ಕೈಯಾಗ ಇರ್ತೈತಿ. 2008ರ ಹಣಕಾಸಿನ ಬಿಕ್ಕಟ್ಟಿನ್ಯಾಗ ಅದೇ ಜಿಇ ಕ್ಯಾಪಿಟಲ್ ಇಡೀ ಕಂಪನಿಯನ್ನ ಮುಳುಗಿಸೋ ಹಂತಕ್ಕ ತಂತು. 2009ರಾಗ ಡಿವಿಡೆಂಡ್, ಅಂದ್ರ ಶೇರುದಾರರಿಗೆ ಹಂಚೋ ಲಾಭ, ಕಡಿಮಿ ಮಾಡಿದ್ರು, 1938ರ ನಂತರ ಮೊದಲ ಸಲ. 2018ರಾಗ ಡೌ ಪಟ್ಟಿಯಿಂದನೇ ಹೊರಗ ಹೋತು, 1907ರಿಂದ ಬಿಡದಂಗ ಅದರಾಗ ಇದ್ದ ಕಂಪನಿ. 2024ಕ್ಕ ಮೂರು ಹೋಳು ಆತು. ತಪ್ಪು ನಂತರ ಬಂದ ಜೆಫ್ ಇಮ್ಮೆಲ್ಟ್‌ಂದೂ ಐತಿ, ಒಪ್ಕೋತೀನಿ. ಆದ್ರ ಶತಮಾನದ ಮ್ಯಾನೇಜರ್ ಬಿಟ್ಟು ಹೋದ ಕುರ್ಚಿಯಾಗ ಕುಂತವಂಗ, ಈ ಲಾಭದ ಅಡಿಪಾಯ ಗಟ್ಟಿ ಇಲ್ಲ ಅಂತ ಮೊದಲನೇ ದಿನ ಹೇಳೋ ಧೈರ್ಯ ಎಲ್ಲಿಂದ ಬರ್ಬೇಕು? ಹೆಸರಿನ ಖರ್ಚು ಹೆಸರಿನವ ಹೋದ ಮ್ಯಾಲೆ ಬರ್ತೈತಿ, ಬಿಲ್ ಕಟ್ಟೋರು ಬ್ಯಾರೆಯವರು.

ನಮ್ಮ ದೇಶದ ಕಡೆ ಬರೂಣು. ಸತ್ಯಂ, ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ. 2009ರ ಜನವರಿ 7ಕ್ಕ ಅದರ ಅಧ್ಯಕ್ಷ ರಾಮಲಿಂಗ ರಾಜು ತಪ್ಪೊಪ್ಪಿಗಿ ಪತ್ರ ಬರದ ದಿವಸ ನನ್ನ ವಯಸ್ಸಿನ ಲೆಕ್ಕಪತ್ರದ ಮಂದಿ ಯಾರೂ ಮರಿಯೂದಿಲ್ಲ. ಪುಸ್ತಕದಾಗ ತೋರಿಸಿದ ನಗದು ಮತ್ತ ಬ್ಯಾಂಕ್ ಬ್ಯಾಲೆನ್ಸ್‌ನ್ಯಾಗ 5,040 ಕೋಟಿ ರೂಪಾಯಿ ಇರಲೇ ಇಲ್ಲ. ಹುಲಿ ಮ್ಯಾಲೆ ಕುಂತಂಗ ಆಗಿತ್ತು, ತಿನಿಸ್ಕೊಳ್ದ ಹೆಂಗ ಇಳೀಬೇಕು ಗೊತ್ತಾಗ್ಲಿಲ್ಲ ಅಂತ ಬರದಿದ್ದ. ಇದಕ್ಕಿಂತ ಮೊದಲ 2007ರಾಗ ಅವಂಗ ವರ್ಷದ ಉದ್ಯಮಿ ಪ್ರಶಸ್ತಿ ಬಂದಿತ್ತು, 2008ರಾಗ ಕಂಪನಿಗೆ ಉತ್ತಮ ಆಡಳಿತಕ್ಕ ಗೋಲ್ಡನ್ ಪೀಕಾಕ್ ಪ್ರಶಸ್ತಿ ಬಂದಿತ್ತು, ಆಮ್ಯಾಲೆ ಅದನ್ನ ವಾಪಸ್ ತಗೊಂಡ್ರು. ನಾ ತೋರಿಸಬೇಕು ಅಂತಿರೋದು 2008ರ ಡಿಸೆಂಬರ್ 16ರ ಬೋರ್ಡ್ ಮೀಟಿಂಗ್. ರಾಜು ಮನೆತನದ್ದೇ ಆದ ಮೇಟಾಸ್ ಕಂಪನಿಗಳನ್ನ ಸತ್ಯಂ ರೊಕ್ಕದಾಗ, ಸುಮಾರು 160 ಕೋಟಿ ಡಾಲರ್ ಕೊಟ್ಟು ಕೊಳ್ಳೋದು ಅಂತ ಪ್ರಸ್ತಾಪ. ಸಾಫ್ಟ್‌ವೇರ್ ಕಂಪನಿ, ರಿಯಲ್ ಎಸ್ಟೇಟ್ ಕಂಪನಿ ಯಾಕ ಕೊಳ್ಳಬೇಕು? ಆ ಬೋರ್ಡ್‌ನ್ಯಾಗ ದೊಡ್ಡ ದೊಡ್ಡ ಪ್ರೊಫೆಸರ್‌ಗಳು ಇದ್ರು, ಶಾಣ್ಯಾ ಮಂದಿ, ಪ್ರಶ್ನೆ ಕೇಳಿದ್ರೂ ಕೊನಿಗೆ ಎಲ್ಲಾರೂ ಕೈ ಎತ್ತಿದ್ರು. ಅದನ್ನ ತಡದವರು ಶೇರುದಾರರು, ಸಿಟ್ಟಿಗೆದ್ದು ಶೇರು ಮಾರಿ ಬೀಳಿಸಿದ್ರು, ಒಂದು ದಿನದ ಒಳಗ ಪ್ರಸ್ತಾಪ ವಾಪಸ್ ಹೋತು.

ಮತ್ತ ಸತ್ಯಂ ಹೆಂಗ ಉಳೀತು ಅನ್ನೋದನ್ನ ಮಂದಿ ಕಡಿಮಿ ಮಾತಾಡ್ತಾರ, ನಂಗ ಅದ ಹೆಚ್ಚು ದೊಡ್ಡದು ಅನಿಸ್ತೈತಿ. ಸರ್ಕಾರ ಹೊಸ ಬೋರ್ಡ್ ಹಾಕ್ತು, 2009ರ ಏಪ್ರಿಲ್‌ನ್ಯಾಗ ಟೆಕ್ ಮಹೀಂದ್ರಾ ಬಿಡ್‌ನ್ಯಾಗ ಗೆದ್ದು ತಗೊಂತು. ಆ ಮೂರು ತಿಂಗಳು ಪಗಾರ ಬರ್ತೈತೋ ಇಲ್ಲೋ ಗೊತ್ತಿಲ್ಲದ ಸಾವಿರಾರು ಹುಡುಗ್ರು ದಿನಾ ಬಂದು ಗಿರಾಕಿಗಳ ಕೆಲಸ ನಡೆಸಿದ್ರು, ಅದಕ್ಕ ಕೊಳ್ಳೋರು ಬಂದ್ರು. ಆ ಕಂಪನಿಯೊಳಗ ಖರೇ ಬೆಲೆ ಎಲ್ಲಿತ್ತು ಅನ್ನೋದು ಆವಾಗ ಎಲ್ಲಾರಿಗೂ ಕಂಡಿತು.

ವಿಜಯ್ ಮಲ್ಯ ಬಗ್ಗೆ ಭಾಳ ಹೇಳೂದಿಲ್ಲ, ಎಲ್ಲಾರಿಗೂ ಗೊತ್ತೈತಿ. 2005ರಾಗ ಹಾರಿದ ಕಿಂಗ್‌ಫಿಶರ್ ವಿಮಾನ 2012ರ ಅಕ್ಟೋಬರ್‌ನ್ಯಾಗ ನಿಂತು ಬಿಡ್ತು, ನಡುವ ಒಂದು ವರ್ಷನೂ ಲಾಭ ಕಂಡಿಲ್ಲ. ಸಾಲ ಕೊಟ್ಟ ಬ್ಯಾಂಕಿನವರು ಆ ಬ್ರ್ಯಾಂಡ್ ಹೆಸರನ್ನೂ ಅಡ ಇಟ್ಕೊಂಡಿದ್ರು. ಮುಂದ ಅದನ್ನ ಹರಾಜಿಗೆ ಇಟ್ಟಾಗ ಕೊಳ್ಳಾಕ ಯಾರೂ ಮುಂದ ಬರ್ಲಿಲ್ಲ. ತಿಂಗಳುಗಟ್ಟಲೆ ಪಗಾರ ಸಿಗದ ಎಂಜಿನಿಯರ್‌ಗಳು, ಗ್ರೌಂಡ್ ಸ್ಟಾಫ್ ಹುಡುಗ್ಯಾರು ರಸ್ತೆಯೊಳಗ ನಿಂತಿದ್ದು ನೆನಸಿಕೊಂಡ್ರ ಇವತ್ತಿಗೂ ಹೊಟ್ಟಿ ಉರೀತೈತಿ ನಂಗ.

ಇನ್ನ ನಮ್ಮ ಊರಿಂದ ಒಂದು. ಹೆಸರು ಹೇಳೂದಿಲ್ಲ. ಹೈಡ್ರಾಲಿಕ್ ವಾಲ್ವ್ ಬಾಡಿ ಎರಕ ಹಾಕೋ ಒಂದು ಫೌಂಡ್ರಿ, ನಾ ಸ್ಟಾಕ್ ನೋಡಾಕ ಹೋಗ್ತಿದ್ದೆ. ಅಲ್ಲಿ ರಿಜೆಕ್ಷನ್ ನೂರಕ್ಕ ಎಂಟೊಂಬತ್ತು ಇತ್ತು, ಹೆಚ್ಚಾಗಿ ಬ್ಲೋ ಹೋಲ್, ಅಂದ್ರ ಎರಕದ ಒಳಗ ಬೀಳೋ ತೂತು. ಸ್ಯಾಂಡ್ ಪ್ಲ್ಯಾಂಟ್‌ನ್ಯಾಗ ಒಬ್ಬ ಕಾಕಾ ಇದ್ದ, ವಯಸ್ಸಾದವ. ಮಿಕ್ಸರ್‌ನಿಂದ ಉಸುಕು ಬಿದ್ದ ಕೂಡ್ಲೆ ಒಂದು ಮುಷ್ಟಿ ಹಿಡದು ಗಟ್ಟಿ ಒತ್ತಿ, ಮುರದು ನೋಡ್ತಿದ್ದ. ಅಂಚು ಚೂಪಾಗಿ ಮುರೀಬೇಕು, ಅಂಗೈಗೆ ಹತ್ತಬಾರದು. ಹತ್ತಿದ್ರ ನೀರು ಹೆಚ್ಚಾಗೈತಿ, ಕಾದ ಲೋಹ ಬಿದ್ದಾಗ ಉಗಿ ಆಗಿ ಒಳಗ ತೂತು ಬೀಳ್ತೈತಿ. ಲ್ಯಾಬ್‌ನ್ಯಾಗ ಟೆಸ್ಟ್ ಇತ್ತು, ಆದ್ರ ರಿಪೋರ್ಟ್ ಬರೋದ್ರಾಗ ಎಷ್ಟೋ ಅಚ್ಚು ತುಂಬಿ ಮುಗದಿರ್ತಿದ್ವು. ಆ ಕಾಕಾ ಒಂದು ನೋಟ್‌ಬುಕ್ ಇಟ್ಟು ಯಾವ ಹೀಟ್‌ಗೆ, ಅಂದ್ರ ಒಂದೊಂದು ಸಲ ಕರಗಿಸಿದ ಲೋಹಕ್ಕ, ಯಾವ ಉಸುಕು, ಉಸುಕು ಹಿಡದಿಡೋ ಬೆಂಟೋನೈಟ್ ಮಣ್ಣು ಎಷ್ಟು, ಎಷ್ಟು ಪೀಸ್ ಕೆಟ್ವು ಅಂತ ಬರಿಯಾಕ ಶುರು ಮಾಡಿದ, ವರ್ಷ ಆಗೋದ್ರಾಗ ರಿಜೆಕ್ಷನ್ ಅರ್ಧಕ್ಕಿಂತ ಕೆಳಗ ಬಂತು. ಲಾಭ ಅಂದ್ರ ಅದು. ಕರಗಿಸೋ ಕರೆಂಟ್ ಉಳೀತು, ಕೆಟ್ಟ ಮಾಲಿಗೆ ರೊಕ್ಕ ಮುರಕೊಳ್ಳೋ ಗಿರಾಕಿ ಡೆಬಿಟ್ ನೋಟ್ ನಿಂತ್ವು.

ಮಾಲಕಂಗ ಹೊರಗ ಹೆಸರು ಬಂತು. ಸನ್ಮಾನ, ಭಾಷಣ, ಪೇಪರ್‌ನ್ಯಾಗ ಫೋಟೋ. ಮನಷ್ಯಾ ಒಳ್ಳೆಯವನ ಇದ್ದ. ಆದ್ರ ವಾರದಾಗ ಅರ್ಧ ದಿನ ಊರಾಗ ಇರ್ತಿರ್ಲಿಲ್ಲ, ಸಾಲ ತಗದು ಎರಡನೇ ಪ್ಲ್ಯಾಂಟ್ ಹಚ್ಚಿದ, ಬ್ಯಾಂಕಿನವರೂ ಫೋಟೋ ನೋಡಿ ಪ್ರಶ್ನೆ ಕಡಿಮಿ ಕೇಳಿದ್ರು. ಕಾಕಾ ಪಗಾರ ಸ್ವಲ್ಪ ಹೆಚ್ಚು ಮಾಡ್ರಿ ಅಂತ ಕೇಳಿದ್ದು ಯಾರ ಟೇಬಲ್ ಮ್ಯಾಲೆ ಉಳೀತೋ ಗೊತ್ತಿಲ್ಲ, ಅವ ಕೊಲ್ಲಾಪುರ ಕಡೆ ಒಂದು ಫೌಂಡ್ರಿಗೆ ಹೋಗಿ ಬಿಟ್ಟ. ನೋಟ್‌ಬುಕ್ ಅವನ ಜೊತಿನೇ ಹೋತು. ಮುಂದಿನ ಸಲ ನಾ ಹೋದಾಗ ಅಂಗಳದಾಗ ರಿಜೆಕ್ಟ್ ಪೀಸ್ ರಾಶಿ ಬಿದ್ದಿತ್ತು, ಆಫೀಸ್ ಗ್ವಾಡಿ ಮ್ಯಾಲೆ ಸನ್ಮಾನದ ಫೋಟೋ ಇತ್ತು. ಆ ರಾಶಿನ್ನ ಸ್ಟಾಕ್ ಲಿಸ್ಟ್‌ನ್ಯಾಗ ಯಾವ ರೇಟಿಗೆ ಬರೀಬೇಕು ಅಂತ ಅಕೌಂಟ್ಸ್ ಹುಡುಗ ಕೇಳಿದಾಗ ಸ್ಕ್ರ್ಯಾಪ್ ರೇಟ್ ಅಂದೆ, ಅವನ ಮುಖ ಸಣ್ಣದಾತು.

ಹಂಗಾರ ಮ್ಯಾಲಿರೋ ಮನಷ್ಯಾ ಯಾರಿದ್ರೂ ನಡೀತೈತೇನು ಅಂದ್ರ, ಇಲ್ಲ. ಸ್ಟೀವ್ ಜಾಬ್ಸ್ 1997ರಾಗ ವಾಪಸ್ ಬರ್ಲಿಲ್ಲ ಅಂದ್ರ ಆಪಲ್ ಇವತ್ತು ಇರ್ತಿರ್ಲಿಲ್ಲ ಅಂತ ನಾನೂ ನಂಬ್ತೀನಿ. ಆದ್ರ ಅವನ ದೊಡ್ಡ ಕೆಲಸಗಳೊಳಗ ಒಂದು ಟಿಮ್ ಕುಕ್. ಸಪ್ಲೈ ಚೈನ್ ನೋಡಿಕೊಳ್ಳೋ ಶಾಂತ ಮನಷ್ಯಾ, ಸ್ಟೇಜ್ ಮ್ಯಾಲೆ ಜಾದೂ ಇಲ್ಲ. 2011ರಾಗ ಅವನ ಕೈಗೆ ಬಂದಾಗ ಸುಮಾರು 35,000 ಕೋಟಿ ಡಾಲರ್ ಇದ್ದ ಕಂಪನಿ 2022ರ ಜನವರಿಗೆ 3 ಲಕ್ಷ ಕೋಟಿ ಡಾಲರ್ ಮುಟ್ಟಿತು. ಜಾಬ್ಸ್ ಹೋದ ಮ್ಯಾಲೆ ಆಪಲ್ ಮುಗೀತು ಅಂದವರು ಎಷ್ಟು ಮಂದಿ ಇದ್ರು ನೆನಪು ಮಾಡ್ಕೊರಿ.

ಹೆಸರಿಂದನೇ ಕೆಲಸ ಆಗಿದ್ದೂ ಐತಿ. ಕ್ರೈಸ್ಲರ್ ಕಾರ್ ಕಂಪನಿ ಮುಳುಗೋ ಹೊತ್ತಿನ್ಯಾಗ ಲೀ ಐಯಕೊಕ್ಕ ಅಮೆರಿಕಾ ಸರ್ಕಾರದ ಮುಂದ ನಿಂತು 1979ರಾಗ 150 ಕೋಟಿ ಡಾಲರ್ ಸಾಲಕ್ಕ ಗ್ಯಾರಂಟಿ ತಂದ, ಟಿವಿ ಜಾಹೀರಾತಿನ್ಯಾಗ ತಾನ ಬಂದು ಕಾರ್ ಮಾರಿದ, 1983ರಾಗ ಅವಧಿಗಿಂತ ವರ್ಷಾನುಗಟ್ಟಲೆ ಮೊದಲ ಸಾಲ ತೀರಿಸಿದ. ಅವನ ಮುಖ ನೋಡಿ ಮಂದಿ ನಂಬಿದ್ರು, ಆ ನಂಬಿಕಿಗೆ ಬೆಲೆ ಇತ್ತು. ನಡುವ ಲಿಬರ್ಟಿ ಪ್ರತಿಮೆ ರಿಪೇರಿ ಸಮಿತಿ ಬಂತು, ಆಮ್ಯಾಲೆ ಆತ್ಮಕಥೆ ಬಂತು, ಅಧ್ಯಕ್ಷ ಚುನಾವಣೆಗೆ ನಿಲ್ತಾನಂತ ಸುದ್ದಿ ಬಂತು, 80ರ ದಶಕದ ಕೊನಿಗೆ ಕ್ರೈಸ್ಲರ್ ಮತ್ತ ಕಷ್ಟಕ್ಕ ಬಿತ್ತು.

ಡೆನ್ಮಾರ್ಕ್‌ನ್ಯಾಗ ಆದ ಒಂದು ಅಧ್ಯಯನ ನಿಮಗೆಲ್ಲಾ ಭಾಳ ಹತ್ತಿರದ್ದು. ಮುಖ್ಯಸ್ಥರು ಆಸ್ಪತ್ರೆ ಸೇರಿದಾಗ ಅವರ ಕಂಪನಿ ಲಾಭ ಏನಾಗ್ತೈತಿ ಅಂತ ನೋಡಿದ್ರು. ಲಾಭ ಇಳೀತು. ಬ್ಯಾರೆ ಹಿರಿಯ ಮ್ಯಾನೇಜರ್‌ಗಳು ಆಸ್ಪತ್ರೆ ಸೇರಿದಾಗ ಅಷ್ಟು ಇಳೀಲಿಲ್ಲ. ಮನೆತನದವರು ನಡೆಸೋ ಕಂಪನಿ, ಬೆಳೆಯಾಕತ್ತಿದ ಕಂಪನಿಗಳೊಳಗ ಪರಿಣಾಮ ಇನ್ನೂ ಜೋರ್. ಅಂದ್ರ ಮ್ಯಾಲಿರೋ ಮನಷ್ಯಾ ಬೇಕ ಬೇಕು, ಆದ್ರ ಆ ಡೆನ್ಮಾರ್ಕ್ ಮಾಲಕರೊಳಗ ಹೆಚ್ಚಿನವರ ಹೆಸರು ಪಕ್ಕದ ಊರಿನವರಿಗೂ ಗೊತ್ತಿರಾಕಿಲ್ಲ. ನಾಯಕತ್ವ ಬ್ಯಾರೆ, ಪ್ರಸಿದ್ಧಿ ಬ್ಯಾರೆ, ನಾವು ಎರಡನ್ನೂ ಒಂದ ಚೀಲದಾಗ ತುಂಬಿ ತೂಕ ಮಾಡಾಕತ್ತೀವಿ.

ಇನ್ಫೋಸಿಸ್ ನೋಡ್ರಿ. 1981ರಾಗ 7 ಮಂದಿ ಕೂಡಿ ಕಟ್ಟಿದ್ರು. ನಾರಾಯಣ ಮೂರ್ತಿಯವರ ಹೆಸರು ದೊಡ್ಡದು, ಆದ್ರ ಕುರ್ಚಿ ನಂದನ್ ನಿಲೇಕಣಿ, ಕ್ರಿಸ್ ಗೋಪಾಲಕೃಷ್ಣನ್, ಶಿಬುಲಾಲ್ ಹಿಂಗ ಕೈ ಬದಲಾತು. 2014ರಾಗ ಹೊರಗಿಂದ ವಿಶಾಲ್ ಸಿಕ್ಕಾ ಬಂದ್ರು, ದೊಡ್ಡ ಹೆಸರು, ದೊಡ್ಡ ಕನಸು. 2017ರ ಆಗಸ್ಟ್ 18ಕ್ಕ ಸ್ಥಾಪಕರ ಜೊತಿ ಜಗಳದ ನಡುವ ರಾಜೀನಾಮೆ ಕೊಟ್ರು, ಶೇರು ಒಂದ ದಿನಕ್ಕ ಹತ್ತಿರ ಶೇಕಡಾ 10 ಬಿತ್ತು. ಆಮ್ಯಾಲೆ 2018ರ ಜನವರಿಯಿಂದ ಸಲೀಲ್ ಪಾರೇಖ್. ಈ ಹೆಸರು ಎಷ್ಟು ಮಂದಿಗೆ ಗೊತ್ತೈತಿ ಕೈ ಎತ್ರಿ ಅಂದೆ, ಹಾಲ್‌ನ್ಯಾಗ ಕೆಲವ ಕೈ ಮ್ಯಾಲೆ ಬಂದ್ವು. 2017-18ರಾಗ ಸುಮಾರು 70,500 ಕೋಟಿ ಇದ್ದ ಆದಾಯ 2023-24ಕ್ಕ 1,53,000 ಕೋಟಿ ದಾಟಿತು. ಕೊರೋನಾ ಟೈಮಿನ ಡಿಮ್ಯಾಂಡ್ ಕೈ ಹಿಡೀತು, ಖರೇ, ಆ ಬೆಳಿಗಿ ಪೂರಾ ಅವರ ಹೆಸರಿಗೆ ಹಚ್ಚಾಕ ನಾ ತಯಾರಿಲ್ಲ. ಅವರೂ ಹಚ್ಕೊಂಡಂಗ ಕಾಣೂದಿಲ್ಲ.

ಒಬ್ಬನ ಹೆಸರಿನ ಮ್ಯಾಲೆ ಅಲ್ಲ, ಮಂದಿ ಕೂಡಿ ಕಟ್ಟಿ ನಡೆಸೋದು ನಮ್ಮ ಕಡೆ ಹೊಸಾದಲ್ಲ. 1905ರಾಗ ಗದಗ ಹತ್ತಿರ ಕಣಗಿನಹಾಳದಾಗ ಸಿದ್ದನಗೌಡ ಪಾಟೀಲರು ರೈತರನ್ನ ಕೂಡಿಸಿ ಕಟ್ಟಿದ ಸಹಕಾರಿ ಸಂಘ ದೇಶಕ್ಕ ದಾರಿ ತೋರಿಸ್ತು. 1916ರಾಗ ಇದೇ ಬೆಳಗಾವಿಯೊಳಗ 7 ಮಂದಿ ಶಿಕ್ಷಕರು ಕೂಡಿ ಕೆಎಲ್ಇ ಶಿಕ್ಷಣ ಸಂಸ್ಥೆ ಶುರು ಮಾಡಿದ್ರು, ಸಪ್ತರ್ಷಿಗಳು ಅಂತೀವಿ. ಅದು ಇಷ್ಟು ದೊಡ್ಡದಾಗಿದ್ದು 1984ರಿಂದ ಪ್ರಭಾಕರ ಕೋರೆಯವರು ಬಂದ ಮ್ಯಾಲೆ ಅಂತ ಇಲ್ಲಿ ಒಬ್ಬ ಹಿರಿಯರು ಎದ್ದು ಹೇಳಿದ್ರು, ಅದೂ ಖರೇನ. ಆದ್ರ ಅವರು ಬರೋ ಮೊದಲ ಹತ್ತಿರ 70 ವರ್ಷ ಒಬ್ಬರ ಕೈಯಿಂದ ಒಬ್ಬರ ಕೈಗೆ ಸಂಸ್ಥೆ ದಾಟಿ ಬಂದಿತ್ತು, ಅದಕ್ಕ ಬೆಳೆಸಾಕ ಒಂದು ಸಂಸ್ಥೆ ಅಲ್ಲಿತ್ತು.

ಈಗ ಶೇರು ಇಡೋ ಡಿಮ್ಯಾಟ್ ಖಾತೆ ಮೊಬೈಲ್‌ನ್ಯಾಗ ತಗದ ಹುಡುಗ್ರಿಗೆ ಸ್ವಲ್ಪ ಹೇಳ್ತೀನಿ. ಮಾಲಕನ ಇಂಟರ್‌ವ್ಯೂ ನೋಡೋ ಬದ್ಲಿ ಆನ್ಯುಯಲ್ ರಿಪೋರ್ಟ್ ತಗೀರಿ. ಲಿಸ್ಟ್ ಆದ ಕಂಪನಿ ತನ್ನ ಡೈರೆಕ್ಟರ್ ಪಗಾರ ನಡುಮಟ್ಟದ ನೌಕರನ ಪಗಾರಕ್ಕ ಎಷ್ಟು ಪಟ್ಟು ಅಂತ ಅದರಾಗ ಹೇಳಲೇಬೇಕು. ಆ ಪಟ್ಟು ವರ್ಷ ವರ್ಷ ಏರಿ, ಲಾಭ ಅಲ್ಲೇ ನಿಂತಿದ್ರ ಹುಷಾರ್ ಆಗ್ರಿ. ರಿಲೇಟೆಡ್ ಪಾರ್ಟಿ ವ್ಯವಹಾರದ ಟಿಪ್ಪಣಿ ಓದ್ರಿ, ಅಂದ್ರ ಮಾಲಕನ ಮನಿಯವರ ಕಂಪನಿಗೆ ಎಷ್ಟು ರೊಕ್ಕ ಹೊಂಟೈತಿ ಅಂತ. ಪ್ರಮೋಟರ್, ಅಂದ್ರ ಕಂಪನಿ ಕಟ್ಟಿದ ಮಾಲಕ, ತನ್ನ ಶೇರು ಅಡ ಇಟ್ಟಾನೇನು ನೋಡ್ರಿ, ಸತ್ಯಂ ಆದ ಮ್ಯಾಲೆ 2009ರಾಗ ನಮ್ಮ ಶೇರುಪೇಟೆ ನಿಯಂತ್ರಕ ಸೆಬಿ ಅದನ್ನ ಬಹಿರಂಗ ಮಾಡೋದು ಕಡ್ಡಾಯ ಮಾಡೈತಿ. ಆಡಿಟರ್ ನಡುವ ರಾಜೀನಾಮೆ ಕೊಟ್ಟು ಹೋಗಿದ್ರ ಯಾಕಂತ ಓದ್ರಿ. ಬೋರ್ಡ್‌ನ್ಯಾಗ ಇರೋರೊಳಗ ಮಾಲಕನ ಹಳೇ ದೋಸ್ತ್‌ಗಳು ಎಷ್ಟು, ಖರೇ ಸ್ವತಂತ್ರ ಇರೋರು ಎಷ್ಟು ನೋಡ್ರಿ. ಅರ್ಧ ತಾಸಿನ ಕೆಲಸ ಇದು, ನಿಮ್ಮಪ್ಪ ಅವ್ವ ಕೂಡಿಟ್ಟ ರೊಕ್ಕ ಹಾಕೋ ಮೊದಲ ಅರ್ಧ ತಾಸು ಕೊಡಾಕ ಏನು?

ಕೊನಿಗೆ ಪ್ರಶ್ನೆ ಕೇಳಾಕ ಬಿಟ್ಟಾಗ ಮಷೀನ್ ಶಾಪ್ ನಡೆಸೋ ಒಬ್ಬ ಅಣ್ಣಾರು ಎದ್ದು, ಸರ್ರ, ನನ್ನ ಮಗ ನಂದ ವಿಡಿಯೋ ಮಾಡಿ ಇನ್‌ಸ್ಟಾಗ್ರಾಮ್‌ಗೆ ಹಾಕ್ತೀನಿ ಅಂತಾನ, ಪುಣೆ ಗಿರಾಕಿ ಬರ್ತಾರ ಅಂತಾನ, ಹಾಕ್ಲೋ ಬ್ಯಾಡೋ ಅಂದ್ರು. ಹಾಕ್ರಿ ಅಣ್ಣಾರ ಅಂದೆ, ಗಿರಾಕಿಗೆ ಮುಖ ಗೊತ್ತಿದ್ರ ಚಲೋ ಆಗ್ತೈತಿ. ಆದ್ರ ಸಿಎನ್‌ಸಿ ಮಷೀನ್ ಮ್ಯಾಲೆ ನಿಂತ ಹುಡುಗನ್ನ, ಗೇಜ್ ಹಿಡದು ಚೆಕ್ ಮಾಡೋ ಅಕ್ಕಾರನ್ನ ಹೆಸರು ಹೇಳಿ ತೋರಿಸ್ರಿ. ಮತ್ತ ವಿಡಿಯೋ ಹಾಕೋ ಮೊದಲ ಒಂದು ತಿಂಗಳು ನೀವು ಕಾರ್ಖಾನಿಗೆ ಹೋಗಬ್ಯಾಡ್ರಿ, ಡಿಸ್ಪ್ಯಾಚ್ ಟೈಮಿಗೆ ಹೊಂಡ್ತೈತೋ ಇಲ್ಲೋ ನೋಡ್ರಿ. ಎಲ್ಲಿ ಕೆಲಸ ನಿಂತತಿ ಅಲ್ಲಿ ಒಬ್ಬಂಗ ಕಲಿಸ್ರಿ, ಅವನ ಪಗಾರ ಹೆಚ್ಚು ಮಾಡ್ರಿ. ಅವರು ಮೂರು ವಾರ ಆದ್ರ ನಡೀತೈತೇನ್ರಿ ಅಂದ್ರು, ದೀಪಾವಳಿ ಆರ್ಡರ್ ಅದಾವಂತ. ನಡೀತೈತಿ, ಆದ್ರ ಆ ಮೂರು ವಾರ ಫೋನೂ ಹಚ್ಚಬಾರದು ಅಂದೆ.